ಕಲೆಕ್ಟರ್ ಬಂತು

ಫ್ಯಾಕ್ಟರಿ ಬಸ್ಸು ಗೇಟಿಗಿಂತ ನೂರು ಮಾರು ಹಿಂದೆಯೇ ನಿಂತುಬಿಟ್ಟಿತು. ಕಿಟಕಿಯ ಸರಳಿಗೆ ಹಣೆ ಆನಿಸಿ ತೂಕಡಿಸುತ್ತಿದ್ದ ಸತ್ಯಾತ್ಮ ಕಣ್ಣು ಬಿಟ್ಟು ನೋಡಿದರೆ ಮುಂದೆ ಜನವೋ ಜನ. ಬೇವಿನ ಮರದ ಕೆಳಗೆ ನಲವತ್ತು ಮಂದಿಯಾದರೂ ಇದ್ದರು, ಅದರಲ್ಲೂ ಹೆಂಗಸರೇ ಹೆಚ್ಚು. ಒಬ್ಬ ಮುದುಕಿಯ ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಬ್ಬಳ ಕೈಯಲ್ಲಿ ನೀರು ತುಂಬಿದ ಬಾಟಲಿ. ಗೇಟಿನ ಮುಂದೆ ಯಾರೋ ನೀರು ಚಿಮುಕಿಸಿದ್ದರು. ಅಲ್ಲಿನ ಕೆಂಪು ಧೂಳಿಗೆ ಕೆಂಪು ಕೆಸರಾಗಿ ಬಡ್ತಿ ಸಿಕ್ಕಿತ್ತು.

ಸತ್ಯಾತ್ಮ ಇಳಿದು, ಹಿಡಿದುಕೊಂಡ ಮೊಣಕಾಲನ್ನು ಒಮ್ಮೆ ಸಡಿಲಿಸಿ, ಮೆಲ್ಲಗೆ ಗೇಟಿನ ಕಡೆ ನಡೆದ. ಎಂದೂ ಗುಂಡಿ ಹಾಕದ ವಾಚ್‌ಮನ್ ಎರ್ರಿ ಅವತ್ತು ಕೊರಳ ಗುಂಡಿಯನ್ನೂ ಹಾಕಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ.

"ಏನೋ ಎರ್ರಿ ಇದು? ಯಾರದೋ ಮದಿವಿ?"

"ಮದಿವಿ ಅಲ್ರೀ ಸಾರ್. ಹತ್ತಕ್ಕ ಕಲೆಕ್ಟರ್ ಬರ್ತಾರಲ್ರೀ."

"ಯಾರು ಹೇಳಿದ್ರು ನಿನಗ?"

"ಹಿಂಗ ಕೇಳ್ತೀರಲ್ರೀ! ನೀವ ಹೇಳಿದ್ರಿ. ನಿನ್ನಿ ಸಂಜಿಮುಂದ, ಇಲ್ಲೇ ಈ ಕಟ್ಟಿ ಮ್ಯಾಲೆ ನಿಂತು, ಮ್ಯಾನೇಜರ್ ಸಾಹೇಬ್ರಿಗೆ ಫೋನಿನ್ಯಾಗ. ತೆಲುಗಿನ್ಯಾಗ." ಎರ್ರಿ ಗಂಟಲು ಸರಿಮಾಡಿಕೊಂಡು, ಬೆನ್ನು ಸ್ವಲ್ಪ ಬಾಗಿಸಿ, ಎಡಗೈಯಿಂದ ಸೊಂಟ ಹಿಡಿದುಕೊಂಡು ಶುರುಮಾಡಿದ: "'ರೇಪು ಪದಿ ಗಂಟಲಕು ಕಲೆಕ್ಟರ್ ವಸ್ತುಂದಿ ಸಾರ್.' ಹಿಂಗಂದ್ರಿ. ನಾಳೆ ಹತ್ತು ಗಂಟೆಕ್ಕ ಕಲೆಕ್ಟರ್ ಬರ್ತೈತಿ."

ಇಪ್ಪತ್ತೆರಡು ವರ್ಷ ಈ ಫ್ಯಾಕ್ಟರಿಯಲ್ಲಿ ಎಲ್ಲರ ಅಣಕು ಮಾಡಿದ್ದ ಸತ್ಯಾತ್ಮನಿಗೆ ತನ್ನದೇ ಅಣಕು ನೋಡುವ ಯೋಗ ಬಂದಿರಲಿಲ್ಲ. ಅಷ್ಟೊಂದು ಬಾಗಿಬಿಟ್ಟಿದ್ದೀನೇನು ಅನಿಸಿತು.

"ಗಂಡಸಾಗಿದ್ರ ವಸ್ತಾಡು ಅಂತಿದ್ರಿ, ಇಲ್ಲಾ ಮರ್ಯಾದಿ ಕೊಟ್ಟು ವಸ್ತಾರು ಅಂತಿದ್ರಿ," ಎರ್ರಿ ವ್ಯಾಕರಣ ಬಿಡಿಸಿದ. "ವಸ್ತುಂದಿ ಅಂದ್ರಿ. ಅಂದ್ರ ಹೆಣ್ಮಗಳು. ಹೊಸಾ ಕಲೆಕ್ಟರ್ ಹೆಣ್ಮಗಳು ಅಂತ ನಾ ಅಲ್ಲೇ ಹಿಡಕೊಂಡೆ. ನಮ್ಮ ದೊಡ್ಡಪ್ಪನ ಮಗಳು ಚನ್ನವೀರಮ್ಮಕ್ಕಗ ಹೇಳಿದೆ. ನೀರಿನ ಕಷ್ಟ ಹೆಣ್ಮಗಳಿಗಾದ್ರ ತಿಳಿತೈತಿ ಅಂತ ಆಕಿ ಮಂದಿ ಕಟ್ಟಿಕೊಂಡು ಬಂದಾಳ."

ತೆಲುಗಿನಲ್ಲಿ ಹೆಣ್ಣು ಬಂದರೂ ವಸ್ತುಂದಿ, ಹೆಣ್ಣೆಮ್ಮೆ ಬಂದರೂ ವಸ್ತುಂದಿ, ಬಸ್ಸು ಬಂದರೂ ವಸ್ತುಂದಿ. ಎರ್ರಿ ಹಿಡಿದ ವ್ಯಾಕರಣದಲ್ಲಿ ಕೂದಲೆಳೆಯ ತಪ್ಪಿರಲಿಲ್ಲ. ಆದರೆ ವಸ್ತುಂದಿಯ ಹೊಟ್ಟೆಯೊಳಗೆ ಕನ್ನಡದ ವಸ್ತುವೊಂದು ಕೂತಿದೆ ಅನ್ನುವುದು ಅವನಿಗೆ ಹೊಳೆದಿರಲಿಲ್ಲ. ಬರಬೇಕಾಗಿದ್ದದ್ದು ವಸ್ತುವೇ. ಇನ್ನೂರು ಲೀಟರಿನ ನೀಲಿ ಡ್ರಮ್ಮು.

ಬೇರೆ ದಿನವಾಗಿದ್ದರೆ ಸತ್ಯಾತ್ಮ ಈ ಮಾತನ್ನು ಕ್ಯಾಂಟೀನಿಗೆ ಒಯ್ದು, ಎಂಟು ದಿನ ಅದರ ಮೇಲೆ ಚಹಾ ಕುಡಿಯುತ್ತಿದ್ದ. ಅವತ್ತು ನಗಲು ಬಾಯಿ ತೆರೆದರೆ ಆಕಳಿಕೆ ಬಂತು.

ಆಚಾರ್ಯರ ಮನೆತನದ ಅವನು ಅಲ್ಲಿ ಲ್ಯಾಬಿನ ಕೆಮಿಸ್ಟು. ಕುರುಗೋಡಿನ ಆಚೆ ಗುಡ್ಡದ ಬಗಲಿಗಿರುವ ಆ ಫ್ಯಾಕ್ಟರಿಯಲ್ಲಿ ಯಾರಿಗೂ ಬೇಡವಾದ ಬಡ ಕಬ್ಬಿಣದ ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಬೀಸಿ, ನೀರಲ್ಲಿ ಕಲಸಿ, ಸಾಲಾಗಿ ನಿಂತ ತೊಟ್ಟಿಗಳಿಗೆ ಬಿಟ್ಟು, ತಳದಿಂದ ಗಾಳಿ ಊದುತ್ತಾರೆ. ಗುಳ್ಳೆ ಏಳುತ್ತವೆ. ಗುಳ್ಳೆಗೆ ಅಂಟಿದ್ದು ಮೇಲೆ, ಅಂಟದ್ದು ಕೆಳಗೆ. ಆದರೆ ಸುಮ್ಮಸುಮ್ಮನೆ ಯಾವುದೂ ಯಾವುದಕ್ಕೂ ಅಂಟುವುದಿಲ್ಲವಲ್ಲ, ಅದಕ್ಕೊಂದು ಔಷಧ ಬೇಕು: ಅಮೈನ್. ಪುಸ್ತಕದಲ್ಲೂ ಡ್ರಮ್ಮಿನ ಮೇಲೂ ಅದರ ಹುದ್ದೆ ಕಲೆಕ್ಟರ್. ಅದು ಅದಿರಿನೊಳಗಿನ ಮರಳಿನ ಕಣಕ್ಕೆ ಎಣ್ಣೆಯಂಥ ಅಂಗಿ ತೊಡಿಸುತ್ತದೆ. ಅಂಗಿ ತೊಟ್ಟ ಕಣ ನೀರನ್ನು ಒಲ್ಲೆನೆಂದು, ಗುಳ್ಳೆಯ ಕೈ ಹಿಡಿದು, ನೊರೆಯಾಗಿ ತೊಟ್ಟಿಯ ಬಾಯಿ ದಾಟಿ ಹೋಗುತ್ತದೆ. ಕಬ್ಬಿಣವೂ ಅದರ ಬೆನ್ನು ಹತ್ತಬಾರದೆಂದು ಅದಕ್ಕೆ ಮೊದಲೇ ಗಂಜಿ ಕುಡಿಸುತ್ತಾರೆ. ಸಿರುಗುಪ್ಪದ ರೈಸ್‌ಮಿಲ್ಲಿನ ನುಚ್ಚಕ್ಕಿ ಹಿಟ್ಟನ್ನು ಕಾಸ್ಟಿಕ್ ಸೋಡಾ ಹಾಕಿ ಬೇಯಿಸಿದ ಗಂಜಿ. ಗಂಜಿ ಕುಡಿದ ಕಬ್ಬಿಣ, ಊಟವಾದ ಗುಮಾಸ್ತನ ಹಾಗೆ, ಕೂತಲ್ಲಿಂದ ಏಳುವುದಿಲ್ಲ. ಹೀಗಾಗಿ ಇಲ್ಲಿ ಮೇಲೆ ಬಂದದ್ದು ಕಸ, ತಳಕ್ಕಿಳಿದದ್ದು ಸರಕು. ಕಸ ಕಾಲುವೆ ಹಿಡಿದು, ಅದನ್ನು ತಡೆದು ನಿಲ್ಲಿಸುವ ಹಿಂದಿನ ಕಟ್ಟೆಗೆ ಹೋಗುತ್ತದೆ. ಕಟ್ಟೆಯ ಕೆಳಗೆ ಎರ್ರಿಯ ಊರು.

ಬೆಂಗಳೂರಿನ ಕಡೆ ಡಿಸಿ ಅನ್ನುವವರನ್ನು ಬಳ್ಳಾರಿಯಲ್ಲಿ, ಮದ್ರಾಸಿನ ಕೈಯೊಳಗಿದ್ದ ಕಾಲದ ರೂಢಿಯಂತೆ, ಜನ ಇನ್ನೂ ಕಲೆಕ್ಟರ್ ಅಂತಲೇ ಕರೆಯುತ್ತಾರೆ. ಹೊಸದಾಗಿ ಬಂದ ಟ್ರೇನಿಗಳಿಗೆ ಸತ್ಯಾತ್ಮ ಮೊದಲ ದಿನವೇ ಹೇಳುವ ಮಾತು ಇದು: "ನಮ್ಮ ಕಲೆಕ್ಟರ್ ಬಂದ್ರ ಕಸ ಎಲ್ಲಾ ಮ್ಯಾಲೆ ಬರ್ತದ. ಅವರ ಕಲೆಕ್ಟರ್ ಬಂದ್ರ ಕಸ ಎಲ್ಲಾ ಕೆಳಗ ಹೋಗ್ತದ." ಇಪ್ಪತ್ತೆರಡು ವರ್ಷ ಅದೇ ಮಾತಿಗೆ ನಗು ಸಿಕ್ಕಿತ್ತು. ಈಗೀಗ ನಗುವವರ ಬಾಯಿ ನೋಡಿ ಅವನೇ ದಣಿಯುತ್ತಿದ್ದ.

ಕಲೆಕ್ಟರಿಗೆ ಇನ್ನೊಂದು ಗುಣ. ಮೀನಿನ ನಾತ. ಬಳ್ಳಾರಿ ಕಂಟೋನ್ಮೆಂಟಿನ ಮನೆಯಲ್ಲಿ ಹೆಂಡತಿ ಶ್ರೀವಾಣಿ ಹಿತ್ತಲ ಬಾಗಿಲಲ್ಲೇ ಬಕೀಟು ಇಟ್ಟು, ಅವನ ಅಂಗಿಯನ್ನು ಕಟ್ಟಿಗೆಯಿಂದ ಎತ್ತಿ ಹಾಕುತ್ತಿದ್ದಳು. "ಹದಿನೆಂಟು ಮೈಲಿ ಹೋಗಿ ದಿನಾ ಮೈಲಿಗಿ ತರ್ತೀರಿ," ಅನ್ನುತ್ತಿದ್ದಳು. ಈ ಒಂದು ಶ್ಲೇಷೆ ಮಾತ್ರ ಅವನದಲ್ಲ, ಅವಳದು. ರಿಟೈರಾಗಲು ಇನ್ನು ಹದಿನಾಲ್ಕು ತಿಂಗಳು. ಆಮೇಲೆ ಕಟ್ಟಿಗೆಗೂ ರಿಟೈರ್‌ಮೆಂಟು.

ನಿನ್ನೆ ಮಧ್ಯಾಹ್ನ ಕಲೆಕ್ಟರ್ ಮುಗಿದು, ನೊರೆ ಕುಸಿದು, ಲೈನು ನಿಂತಿತ್ತು. ಮೊಬೈಲಿಗೆ ಸಿಗ್ನಲ್ ಸಿಗುವುದು ಗೇಟಿನ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ನಿಂತು ಅವನು ಹೊರಗೆ ಹೋಗಿದ್ದ ಮ್ಯಾನೇಜರಿಗೆ ವರದಿ ಒಪ್ಪಿಸಿದ್ದ. ಅದನ್ನು ಎರ್ರಿ ಊರಿಗೆ ಒಪ್ಪಿಸಿದ್ದ.

ಮ್ಯಾನೇಜರ್ ವೀರಭದ್ರನ ಕೋಣೆಯಲ್ಲಿ ಏಸಿ ಗೊರಕೆ ಹೊಡೆಯುತ್ತಿತ್ತು. ಕಿಟಕಿಯಿಂದ ಗೇಟು ಕಾಣುತ್ತಿತ್ತು.

"ಏಮಿಟಿ ಆಚಾರ್ಯುಲು ಗಾರು, ಏನು ಮಾಡಿಟ್ರಿ ನೀವು?" ವೀರಭದ್ರ ಆದೋನಿಯ ಕಡೆಯವನು. ಅವನ ಕನ್ನಡ ಆಂಧ್ರದ ಗಡಿಯನ್ನು ಗಳಿಗೆಗೊಮ್ಮೆ ದಾಟಿ ಬರುತ್ತಿತ್ತು. "ಚಿನ್ನ ಪ್ರಾಬ್ಲಮ್ಮು. ಬಟ್, ಫೋಟೋ ತೆಗೆದು ಹಾಕಿದ್ರೆ ಪೆದ್ದ ಪ್ರಾಬ್ಲಮ್ಮು."

ತೆಲುಗಿನ ಚಿನ್ನ ಅಂದರೆ ಸಣ್ಣದು, ಪೆದ್ದ ಅಂದರೆ ದೊಡ್ಡದು; ಕನ್ನಡದ ಚಿನ್ನ ಅಂದರೆ ಬಂಗಾರ. ವೀರಭದ್ರನ ಚಿನ್ನದ ಪ್ರಾಬ್ಲಮ್ಮುಗಳೆಲ್ಲ ಯಾವಾಗಲೂ ಸತ್ಯಾತ್ಮನ ಕೊರಳಿಗೇ ಬಂದು ಬೀಳುತ್ತಿದ್ದವು.

"ಹೇಳಿಬಿಡ್ತೀನಿ ಸಾರ್. ಡ್ರಮ್ ಅದ, ಮನಷ್ಯ ಅಲ್ಲ ಅಂತ."

"ಅದು ಹೇಳಿದ್ರೆ ನಗ್ತಾರೆ, ಆಮೇಲೆ ಕೋಪ ಮಾಡ್ತಾರೆ. ಒಳಗೆ ಬರ್ತೀವಿ, ನೀರು ನೋಡಿ ಅಂತಾರೆ. ಅವೆಲ್ಲ ವದ್ದು, ಬೇಡ." ವೀರಭದ್ರ ದನಿ ತಗ್ಗಿಸಿದ. "ಆ ದಿನ ಮಾಡಿದ್ರಲ್ಲ, ಆ ವಾಯ್ಸು. ಆಫೀಸು ಸಾಹೇಬ್ರ ವಾಯ್ಸು. ಅರ್ಜಿ ಕೊಟ್ಟಿದ್ದ ಅದೇ ಲೇಡಿಗೆ ಒಂದು ಫೋನ್ ಕೊಡಿ. ಕಲೆಕ್ಟರ್ ಪ್ರೋಗ್ರಾಂ ಕ್ಯಾನ್ಸಲ್, ಮುಂದಿನ ತಿಂಗಳು ಅಂತ. ಅಂತೇ, ಅಷ್ಟೇ. ಎರಡು ನಿಮಿಷದ ಕೆಲಸ."

ಆ ದಿನ ಅಂದರೆ ಎರಡು ವರ್ಷದ ಹಿಂದಿನ ಮಾತು. ಹಳ್ಳಿಯ ಯಾರೋ ಹೆಂಗಸು ನೀರಿನ ಬಗ್ಗೆ ಕಲೆಕ್ಟರ್ ಆಫೀಸಿಗೆ ಅರ್ಜಿ ಕೊಟ್ಟಿದ್ದಳು. ಅದರ ನಕಲು ಹೇಗೋ ವೀರಭದ್ರನ ಟೇಬಲ್ಲಿಗೆ ಬಂದಿತ್ತು. ಕೆಳಗೆ ಫೋನ್ ನಂಬರೂ ಇತ್ತು. ಊಟದ ಹೊತ್ತಿಗೆ ಎಲ್ಲರೂ ಸೇರಿದ್ದಾಗ, "ಆಚಾರ್ಯುಲು, ಒಂದು ಐಟಮ್ ಆಗಲಿ," ಅಂದಿದ್ದ. ಸತ್ಯಾತ್ಮನಿಗೂ ಹುರುಪಿತ್ತು. ಆಫೀಸಿನ ಲ್ಯಾಂಡ್‌ಲೈನಿನ ಸ್ಪೀಕರ್ ಹಾಕಿ, ಮೂಗಿನ ತುದಿಗೆ ಕನ್ನಡಕ ಜಾರಿಸಿದವನ ಹಾಗೆ, ಮೈಸೂರು ಸೀಮೆಯ ಕಚೇರಿ ಕನ್ನಡದಲ್ಲಿ ಎಳೆದಿದ್ದ: "ನೋಡೀಮ್ಮಾ, ತಮ್ಮ ಅರ್ಜಿ ನಮ್ಮ ಪರಿಶೀಲನೆಯಲ್ಲಿದೆ. ಸುಮ್ನೆ ಓಡಾಡಿ ಆಯಾಸ ಮಾಡ್ಕೋಬೇಡಿ. ನಾವೇ ಬರ್ತೀವಿ." ಜನ ಟೇಬಲ್ಲು ಕುಟ್ಟಿ ನಕ್ಕಿದ್ದರು. ಆ ಗದ್ದಲದಲ್ಲಿ ಅತ್ತಲಿಂದ ಬಂದ ಮಾತು ಕೇಳಿದ್ದು ಫೋನಿನ ಹತ್ತಿರವಿದ್ದ ಅವನಿಗೊಬ್ಬನಿಗೇ: "ದೇವ್ರು ನಿಮ್ಮನ್ನ ತಣ್ಣಗಿಟ್ಟಿರ್ಲಿ ಸಾಹೇಬ್ರ."

ಆಮೇಲೆ ತಿಂಗಳಿಗೊಂದು ಬಾಟಲಿ ವೀರಭದ್ರನ ಕೋಣೆಯಿಂದ ಲ್ಯಾಬಿಗೆ ಬರತೊಡಗಿತು. ಮೇಲೆ ಚೀಟಿ: ಹಳ್ಳಿ ಬೋರ್‌ವೆಲ್ ನೀರು. ಮದುವೆ ಮನೆಯ ನೀರಿನ ಬಾಟಲಿಯಷ್ಟು ತಿಳಿಯಾಗಿರುತ್ತಿತ್ತು. ಸತ್ಯಾತ್ಮ ಪರೀಕ್ಷೆ ಮಾಡಿ, ಏನೂ ಇಲ್ಲವೆಂದು ಬರೆದು ಸಹಿ ಹಾಕುತ್ತಿದ್ದ. ಬಂದ ನೀರನ್ನು ಪರೀಕ್ಷೆ ಮಾಡುವುದು ತನ್ನ ಕೆಲಸ, ಎಲ್ಲಿಂದ ಬಂತು ಅನ್ನುವುದು ಚೀಟಿಯ ಕೆಲಸ. ಹೀಗೊಂದು ವಿಭಾಗ ಮಾಡಿಕೊಂಡು ಎರಡು ವರ್ಷ ಮಧ್ಯಾಹ್ನದ ಮೊಸರನ್ನ ತಿಂದಿದ್ದ.

"ಏನು ಯೋಚನೆ ಆಚಾರ್ಯುಲು?"

"ಏನಿಲ್ಲ ಸಾರ್. ನೋಡ್ತೀನಿ," ಅಂದು ಅರ್ಜಿಯ ಮೇಲಿನ ನಂಬರನ್ನು ಬರೆದುಕೊಂಡು ಗೇಟಿಗೆ ಬಂದ. ತನ್ನ ಮೊಬೈಲಿಗೆ ಸಿಗ್ನಲ್ ಅಲ್ಲಿ ತಾನೇ ಸಿಗುವುದು.

ಕಟ್ಟೆಯ ಮೇಲೆ ನಿಂತು ನಂಬರು ಒತ್ತಬೇಕು. ಒತ್ತಿದರೆ ಹತ್ತು ಮಾರು ದೂರದಲ್ಲಿ ಬೇವಿನ ಕೆಳಗೆ ಫೋನು ಬಡಿದುಕೊಳ್ಳುತ್ತದೆ. ಬಾಟಲಿ ಹಿಡಿದವಳೇ ಚನ್ನವೀರಮ್ಮ ಇರಬೇಕು. ನಲವತ್ತೈದರ ಹೆಂಗಸು. ಹಣೆಯಲ್ಲಿ ವಿಭೂತಿ, ಮೊಣಕೈತನಕ ಒಣಗಿ ಬಿರಿದ ಚರ್ಮ. ಅವಳು ಪಕ್ಕದವಳಿಗೆ ಏನೋ ಹೇಳುತ್ತಿದ್ದಳು.

"ಕಲೆಕ್ಟರಮ್ಮಗ ಮೊದಲ ಎಮ್ಮಿದು ಹೇಳಬೇಕು. ಬೋರಿನ ನೀರು ಇಟ್ರ ಎಮ್ಮಿ ಮೂಸಿ ನೋಡಿ ಮಾರಿ ತಿರುವತೈತಿ. ನಾವು ಎಮ್ಮಿಗಿಂತ ಕಡಿಮಿ ಅದೀವಿ, ಕುಡೀತೀವಿ."

"ಹಂಗ ಅನಬ್ಯಾಡಬೇ, ಆಕಿ ನಕ್ಕಾಳು."

"ನಗಲಿ. ನಕ್ಕರ ನೆಪ್ಪಿರ್ತೈತಿ."

ಸತ್ಯಾತ್ಮನ ಹೆಬ್ಬೆರಳು ಹಸಿರು ಗುಂಡಿಯ ಮೇಲೆಯೇ ನಿಂತಿತ್ತು. ಅಷ್ಟರಲ್ಲಿ ಕುರುಗೋಡಿನ ದಾರಿಯಲ್ಲಿ ಧೂಳು ಎದ್ದಿತು.

"ಬಂತು! ಕಾರು ಬಂತು!" ಯಾರೋ ಕೂಗಿದರು. ಕೂತವರು ಸೆರಗು ಝಾಡಿಸಿ ಎದ್ದರು. ಎರ್ರಿ ಕಾಲು ಜೋಡಿಸಿ ಸೆಲ್ಯೂಟು ಹೊಡೆದ. ಧೂಳಿನೊಳಗಿನಿಂದ ಮೆಲ್ಲಗೆ ಮೂಡಿದ್ದು ದಸ್ತಗೀರಸಾಬನ ಟೆಂಪೋ. ಸಿರುಗುಪ್ಪದಿಂದ ಹಿಟ್ಟು ಹೇರಿಕೊಂಡು, ಬಳ್ಳಾರಿಯ ಗೋಡೌನಿನಲ್ಲಿ ಡ್ರಮ್ಮು ಹತ್ತಿಸಿಕೊಂಡು ಬಂದಿದ್ದ. ಅವನು ಕೆಳಗಿಳಿದು ಬೆನ್ನು ನೆಟ್ಟಗೆ ಮಾಡುವುದರೊಳಗೆ, ಕಣ್ಣು ಮಂಜಾದ ಮುದುಕಿ ಮುಂದೆ ಹೋಗಿ ಹಾರವನ್ನು ಅವನ ಕೊರಳಿಗೆ ಹಾಕಿಯೇಬಿಟ್ಟಳು.

"ಅರೇ ಅರೇ! ನನಗ ಎರಡನೇ ಶಾದಿ ಏನಬೇ?" ದಸ್ತಗೀರಸಾಬ್ ಎರಡೂ ಕೈ ಎತ್ತಿದ. "ಮನ್ಯಾಗ ಕುಬ್ರಾಬಿ ಅದಾಳ, ಲಟ್ಟಣಿಗಿ ತಗೊಂತಾಳ. ಏ ಅಚಾರ್‌ಸಾಬ್, ಏನ್ರೀ ಇದು?" ಆಚಾರ್ರನ್ನು ಅವನು ಮೊದಲಿಂದಲೂ ಉರ್ದುವಿನ ಉಪ್ಪಿನಕಾಯಿ ಮಾಡಿಯೇ ಕರೆಯುತ್ತಿದ್ದ.

"ಗಾಡ್ಯಾಗ ಏನೈತಿ ಹೇಳು ಮೊದಲ," ಎರ್ರಿ ಸೆಲ್ಯೂಟಿನ ಕೈಯನ್ನು ಇನ್ನೂ ಇಳಿಸಿರಲಿಲ್ಲ.

"ಇನ್ನೇನು ಇರ್ತೈತಿ? ನುಚ್ಚಿನ ಹಿಟ್ಟು ಹತ್ತು ಚೀಲ, ಕಲೆಕ್ಟರ್ ಒಂದು."

ಸತ್ಯಾತ್ಮ ಕಟ್ಟೆಯಿಂದ ಇಳಿದು, ಟೆಂಪೋದ ಹಿಂದೆ ಹೋಗಿ, ಮೇಲೆ ಹೊದಿಸಿದ್ದ ತಾಡಪತ್ರಿ ಸರಿಸಿದ. ನೀಲಿ ಡ್ರಮ್ಮಿನ ಹೊಟ್ಟೆಯ ಮೇಲೆ ದಪ್ಪ ಅಕ್ಷರಗಳಿದ್ದವು. "ಇದರ ಹೆಸರ ಕಲೆಕ್ಟರ್ ಅಂತ. ಔಷಧ ಇದು. ನಾ ಹೇಳಿದ್ದು ಇದನ್ನ. ಎರ್ರಿಗೆ ತಪ್ಪು ತಿಳೀತು. ತಪ್ಪು ಅವಂದಲ್ಲ."

ಮೊದಲು ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ. "ಡ್ರಮ್ಮಿಗೆ ಅರ್ಜಿ ಕೊಡು ಬಾರಬೇ!" "ಕಲೆಕ್ಟರಮ್ಮ ಭಾಳ ದಪ್ಪಗದಾಳ!" "ಏ ಎರ್ರಿ, ಹೆಸರಿಗೆ ತಕ್ಕಂಗ ಅದೀಯಲೇ!" ತೆಲುಗಿನಲ್ಲಿ ಎರ್ರಿ ಅಂದರೆ ಹುಚ್ಚ ಅನ್ನುವುದು ಆ ಊರಿನ ಮಕ್ಕಳಿಗೂ ಗೊತ್ತು. ಎರ್ರಿ ಕೊರಳ ಗುಂಡಿ ಬಿಚ್ಚಿಕೊಂಡು ನೆಲ ನೋಡಿದ. ನಗು ಎಷ್ಟು ಬೇಗ ಎದ್ದಿತ್ತೋ ಅಷ್ಟೇ ಬೇಗ ಇಳಿಯಿತು. ನಕ್ಕವರ ಮುಖಗಳು ನಗುವುದಕ್ಕಿಂತ ಮೊದಲು ಇದ್ದುದಕ್ಕಿಂತ ಸೊರಗಿದವು. "ನಡೀರಿ, ಅರ್ಧ ದಿನ ಹೋತು," ಅಂದುಕೊಳ್ಳುತ್ತ ಒಬ್ಬೊಬ್ಬರಾಗಿ ದಾರಿ ಹಿಡಿದರು. ದಸ್ತಗೀರಸಾಬ್ ಕೊರಳ ಹಾರ ತೆಗೆದು, ನೆಲಕ್ಕೆ ಹಾಕಲು ಮನಸ್ಸಾಗದೆ, ಡ್ರಮ್ಮಿಗೆ ಹಾಕಿ ಗಾಡಿಯನ್ನು ಒಳಗೆ ಹೊಡೆದ.

ಬೇವಿನ ಕೆಳಗೆ ಚನ್ನವೀರಮ್ಮ ಒಬ್ಬಳೇ ಉಳಿದಳು. ಅವಳು ನಕ್ಕಿರಲಿಲ್ಲ. ಬಾಟಲಿಯನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಸಿರುಗುಪ್ಪದ ಹಿಟ್ಟು ಏನ್ರಿ ಅದು?" ಅಂದಳು. "ವಾಸನಿ ಹಿಡದೆ. ನನ್ನ ತವರು ಅಲ್ಲೇ. ಆ ಅಕ್ಕಿ ತಿಂದು ಬೆಳದಾಕಿ ನಾನು."

"ಹೌದ್ರಿ. ಗಂಜಿ ಮಾಡ್ತೀವಿ. ಕಬ್ಬಿಣಕ್ಕ."

"ಕಬ್ಬಿಣಕ್ಕ ಗಂಜಿ ಕುಡಸ್ತೀರಿ. ನಮಗ ನೊರಿ ಕುಡಸ್ತೀರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಮಾತು ಸವೆದು ನುಣ್ಣಗಾಗಿತ್ತು. "ನಾ ಆವತ್ತೇ ಬಳ್ಳಾರಿಗೆ ಹೋಗಿ ಕುಂದ್ರಾಕಿದ್ದೆ. ಒಬ್ಬ ಸಾಹೇಬ್ರು ಫೋನ್ ಮಾಡಿದ್ರು. ಭಾಳ ಮರ್ಯಾದಿಯಿಂದ ಮಾತಾಡಿದ್ರು. ಆಯಾಸ ಮಾಡ್ಕೋಬ್ಯಾಡ್ರಿ, ನಾವ ಬರ್ತೀವಿ ಅಂದ್ರು. ನಮ್ಮಂತಾರಿಗೆ ಆಯಾಸ ಐತಿ ಅಂತ ಕೇಳಿದವರು ಅವರೊಬ್ಬರ. ಅದಕ್ಕ ಎರಡು ವರ್ಷ ಎಲ್ಲೂ ಹೋಗ್ಲಿಲ್ಲ. ನಾ ಹೋದಾಗ ಅವರು ಬಂದ್ರ ಹೆಂಗ ಅಂತ."

ಸತ್ಯಾತ್ಮನ ಕಿಸೆಯಲ್ಲಿ ಫೋನು ನಡುಗಿತು. ನೋಡದೆಯೂ ಗೊತ್ತು, ವೀರಭದ್ರ. ಕಿಟಕಿಯಿಂದ ನೋಡುತ್ತಿರಬೇಕು. ಈಕೆಯನ್ನು ಕಳಿಸಿಬಿಟ್ಟರೆ ಮುಗಿಯಿತು. ಲ್ಯಾಬಿಗೆ ಹೋಗಿ, ಕುರ್ಚಿಯಲ್ಲಿ ಕೂತು, ಬೂಟಿನ ದಾರ ಸಡಿಲಿಸಬಹುದು. ಅವನಿಗೆ ನಿಲ್ಲಲಾರದಷ್ಟು ದಣಿವಾಗಿತ್ತು. ಏನಾದರೂ ಮೆತ್ತಗಿನದೊಂದು ಮಾತು ಹೇಳಬೇಕು. ತನ್ನ ನಾಲಗೆ ತಡಕಿದ. ಮೆತ್ತಗಿನ ಮಾತಿಗೆ ನಾಲಗೆಗೆ ಅಭ್ಯಾಸವಿದ್ದ ದಾರಿ ಒಂದೇ. ಅದು ತಾನಾಗಿಯೇ ಆ ದಾರಿಗೆ ಹೊರಳಿತು.

"ನೋಡೀಮ್ಮಾ," ಅಂದುಬಿಟ್ಟ. "ಸುಮ್ನೆ ಆಯಾಸ ಮಾಡ್ಕೋಬೇಡಿ..."

ಚನ್ನವೀರಮ್ಮ ತಲೆ ಎತ್ತಿದಳು.

"ಇನ್ನೊಮ್ಮೆ ಅನ್ರಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಅದ ದನಿ," ಅಂದಳು ಚನ್ನವೀರಮ್ಮ. "ಆ ಸಾಹೇಬ್ರು ನೀವ ಏನ್ರಿ?"

ಕೆಳಗೆ ಮುಖ ಹಾಕಿದ್ದ ಎರ್ರಿಗೆ ಮಾನ ಉಳಿಸಿಕೊಳ್ಳುವ ದಾರಿ ಕಂಡಿತು. "ಏ ಅಕ್ಕಾ, ನಿನಗ ಗೊತ್ತಿಲ್ಲ. ನಮ್ಮ ಸಾರು ಎಲ್ಲಾರ ದನಿ ತಗೀತಾರ! ಮ್ಯಾನೇಜರಂದು ತಗೀತಾರ, ಕಚೇರಿ ಸಾಹೇಬ್ರದು ತಗೀತಾರ, ಕಾಗಿ ಕೂಗ್ತಾರ, ಘಾಟು ಏರೋ ಲಾರಿದು ಮಾಡ್ತಾರ. ಒಮ್ಮೆ ಕೇಳಿದ್ರ ಆತು, ಥೇಟ್ ಅದ!"

"ಹೌದಾ?" ಚನ್ನವೀರಮ್ಮ ಸತ್ಯಾತ್ಮನನ್ನೇ ನೋಡುತ್ತಿದ್ದಳು. "ಮತ್ತ ನಿಮ್ಮದು ಯಾವುದ್ರಿ?"

ಒಳಗೆಲ್ಲೋ ಟೆಂಪೋದಿಂದ ಡ್ರಮ್ಮು ಇಳಿಸಿದ ಸದ್ದು ಬಂತು. ಫೋನು ಸುಮ್ಮನಾಗಿ ಮತ್ತೆ ನಡುಗತೊಡಗಿತು. ಸತ್ಯಾತ್ಮ ಅದನ್ನು ಎತ್ತಲಿಲ್ಲ, ಕೈ ಚಾಚಿದ.

"ಬಾಟ್ಲಿ ಕೊಡ್ರಿ," ಅಂದ. ದನಿ ಸಣ್ಣದಾಗಿ, ಸ್ವಲ್ಪ ಒಡಕಾಗಿ ಬಂತು. ಯಾರದೂ ಅಲ್ಲದ ದನಿ. "ಯಾವ ಬೋರಿಂದು? ಯಾವಾಗ ತುಂಬೀರಿ?"

"ಹನುಮಪ್ಪನ ಗುಡಿ ಹಿಂದಿಂದು. ಹತ್ತು ಮನಿಗೆ ಅದೊಂದ. ಇವತ್ತ ಮುಂಜಾನಿ ತುಂಬೀನಿ. ಕಲೆಕ್ಟರಿಗೆ ತಾಜಾ ಇರ್ಲಿ ಅಂತ."

"ಒಳಗ ಬರ್ರಿ. ನಿಮ್ಮ ಮುಂದ ಮಾಡ್ತೀನಿ."

ಎರ್ರಿ ಗೇಟಿನ ಪುಸ್ತಕ ತೆರೆದ. ಹೊರಗಿನವರು ಬಂದರೆ ಹೆಸರು, ಊರು ಬರೆಯಬೇಕು. ಯಾರನ್ನು ಕಾಣಲು ಅನ್ನುವ ಕಾಲಮ್ಮಿಗೆ ಬಂದು ಪೆನ್ನು ತಡೆದ. ಎರಡು ಹೆಜ್ಜೆ ಮುಂದೆ ಹೋಗಿದ್ದ ಸತ್ಯಾತ್ಮನನ್ನು ಕೇಳಲೋ ಬೇಡವೋ ಎಂದು ನೋಡಿ, ಕೇಳದೆ, ಕಲೆಕ್ಟರ್ ಅಂತ ಬರೆದ.

ಲ್ಯಾಬಿನಲ್ಲಿ ಆ ತಿಂಗಳ ಬಾಟಲಿ, ವೀರಭದ್ರನ ಕೋಣೆಯಿಂದ ಬಂದದ್ದು, ಶೆಲ್ಫಿನ ಮೇಲೆ ತಿಳಿಯಾಗಿ ಕೂತಿತ್ತು. ಸತ್ಯಾತ್ಮ ಅದನ್ನೂ ಇಳಿಸಿ ಪಕ್ಕದಲ್ಲಿಟ್ಟ. ಕೆಳಗೆ ನಲ್ಲಿ ಇರುವ ಎರಡು ಗಾಜಿನ ಬುರುಡೆಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ಒಂದಕ್ಕೆ ಆ ನೀರು, ಒಂದಕ್ಕೆ ಈ ನೀರು. ಎರಡಕ್ಕೂ ಒಂದಿಷ್ಟು ಕಿತ್ತಳೆ ಬಣ್ಣದ ದ್ರಾವಣ, ಒಂದಿಷ್ಟು ಕ್ಲೋರೋಫಾರ್ಮು. ಚನ್ನವೀರಮ್ಮನ ನೀರು ಬುರುಡೆಗೆ ಬೀಳುವಾಗಲೇ ಕೊರಳಿನ ತನಕ ನೊರೆ ಕಟ್ಟಿತು.

"ನೋಡ್ರಿ, ಹಿಂಗ ಆಕೈತಿ," ಅಂದಳು ಚನ್ನವೀರಮ್ಮ. "ಅರಿವಿ ತೊಳ್ಯಾಕ ಸೋಪು ಬ್ಯಾಡ. ಬ್ಯಾಳಿ ಮಾತ್ರ ಬೇಯಂಗಿಲ್ಲ."

ಅವನು ಎರಡನ್ನೂ ಕುಲುಕಿ ಸುಮ್ಮನೆ ನಿಲ್ಲಿಸಿದ. "ಕ್ಲೋರೋಫಾರ್ಮ್ ಭಾರ, ತಳಕ್ಕ ಇಳೀತದ. ನೀರೊಳಗ ನಮ್ಮ ಔಷಧ ಇದ್ರ ಆ ಬಣ್ಣ ಹಿಡಕೊಂಡು ತಾನೂ ಇಳೀತದ. ಇಲ್ಲದಿದ್ರ ತಳ ಬೆಳ್ಳಗ ಇರ್ತದ. ಸ್ವಲ್ಪ ಹೊತ್ತು ಬೇಕು."

"ಹೊತ್ತಿಗೇನ್ರಿ," ಅಂದಳು ಚನ್ನವೀರಮ್ಮ, ಸ್ಟೂಲಿನ ತುದಿಯಲ್ಲಿ ಕೂತು.

ಇಬ್ಬರೂ ನೋಡುತ್ತ ಕೂತರು. ಇಷ್ಟು ಹೊತ್ತು ಮಾತಿಲ್ಲದೆ ಇನ್ನೊಬ್ಬರ ಜೊತೆ ಕೂತದ್ದು ಸತ್ಯಾತ್ಮನಿಗೆ ನೆನಪಿರಲಿಲ್ಲ. ವೀರಭದ್ರನ ಬಾಟಲಿಯ ಬುರುಡೆಯಲ್ಲಿ ತಳ ಗಾಜಿನ ಹಾಗೆ ಬೆಳ್ಳಗೆ ನಿಂತಿತು. ಚನ್ನವೀರಮ್ಮನ ಬುರುಡೆಯಲ್ಲಿ ಮೊದಲು ಮಬ್ಬು, ಆಮೇಲೆ ಮಬ್ಬಿನೊಳಗೆ ಸಣ್ಣ ಸಣ್ಣ ಹನಿ, ಹನಿಗಳು ಒಂದನ್ನೊಂದು ಹುಡುಕಿಕೊಂಡು ಕೆಳಗಿಳಿದವು. ತಳ ಹಳದಿಯಾಯಿತು.

"ಅರಿಷಿಣ ಹಾಕಿದ್ರೇನ್ರಿ?"

"ಇಲ್ರಿ. ನಿಮ್ಮ ನೀರೊಳಗ ಇದ್ದದ್ದ."

ಕಿಸೆಯ ಫೋನು ಮತ್ತೆ ನಡುಗಿತು. ಸಿಗ್ನಲ್ ಇಲ್ಲದ ಲ್ಯಾಬಿನಲ್ಲಿ ಅದೊಂದು ಕರೆ ಹೇಗೋ ನುಸುಳಿಕೊಂಡು ಬಂದಿತ್ತು. ಈ ಸಲ ಅವನು ಎತ್ತಿದ.

"ಏಮಾಯಿಂದಿ ಆಚಾರ್ಯುಲು? ಆ ಲೇಡಿ ಒಳಗೆ ಏನು ಮಾಡ್ತಾಳೆ? ನೀವು ವಾಯ್ಸು ಮಾಡಿದ್ರಾ ಇಲ್ವಾ?"

"ದನಿ ಬಿದ್ದದ ಸಾರ್," ಅಂದ ಸತ್ಯಾತ್ಮ. ಅತ್ತಲಿಂದ ಇನ್ನೂ ಮಾತು ಬರುತ್ತಿತ್ತು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅದು ಒಂದಿಷ್ಟು ಹೊತ್ತು ಮೇಜಿನೊಂದಿಗೆ ತೆಲುಗು ಮಾತಾಡಿ ಸುಮ್ಮನಾಯಿತು.

ಲ್ಯಾಬಿನ ಪುಸ್ತಕ ತೆಗೆದು ಎರಡು ಸಾಲು ಬರೆದ. ಮೊದಲನೆಯದು ಮ್ಯಾನೇಜರ್ ಕೋಣೆಯಿಂದ ಬಂದ ಬಾಟಲಿ: ಅಮೈನ್ ಇಲ್ಲ. ಎರಡನೆಯದು ಹನುಮಪ್ಪನ ಗುಡಿಯ ಹಿಂದಿನ ಬೋರು, ತಂದವರು ಶ್ರೀಮತಿ ಚನ್ನವೀರಮ್ಮ: ಅಮೈನ್ ಇದೆ. ಇಪ್ಪತ್ತೆರಡು ವರ್ಷ ಅವನ ಸಹಿ ಒಂದು ಸುಳಿ, ಒಂದು ಗೀರು ಅಷ್ಟೇ ಆಗಿತ್ತು. ಯಾರೂ ಓದುವ ಹಾಗಿರಲಿಲ್ಲ. ಅವತ್ತು ಮೂರೂ ಅಕ್ಷರಗಳನ್ನು ಬಿಡಿಸಿ ಬರೆದ. ಅದನ್ನೇ ಇನ್ನೊಂದು ಹಾಳೆಗೆ ಇಳಿಸಿ, ಲ್ಯಾಬಿನ ಸೀಲು ಒತ್ತಿ ಅವಳ ಕೈಗೆ ಕೊಟ್ಟ.

ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದನ್ನ ಎಲ್ಲಿಗೆ ಒಯ್ಯಲಿ?"

"ಬಳ್ಳಾರಿಗೆ. ಕಲೆಕ್ಟರ್ ಆಫೀಸಿಗೆ. ಅಲ್ಲೆ ಕೊಟ್ಟು, ತಗೊಂಡೀವಿ ಅಂತ ಬರಿಸ್ಕೊರಿ. ಯಾರರೆ ಫೋನ್ ಮಾಡಿದ್ರ ನಂಬಬ್ಯಾಡ್ರಿ." ಸೀಲಿನ ಡಬ್ಬಿ ಮುಚ್ಚುತ್ತ ಹೇಳಿದ, "ಇದನ್ನ ಬರದವರು ಯಾರು ಅಂತ ಕೇಳಿದ್ರ ನನ್ನ ಹೆಸರು ಹೇಳ್ರಿ. ಕರದ್ರ ನಾ ಬರ್ತೀನಿ."

ಚನ್ನವೀರಮ್ಮ ಅವನ ಮುಖ ನೋಡಿದಳು. ಆ ಮಾತನ್ನು ಅವಳು ಹಿಂದೊಮ್ಮೆ ಕೇಳಿದ್ದಳು. ದೇವರು ತಣ್ಣಗಿಟ್ಟಿರಲಿ ಅಂತ ಈ ಸಲ ಅನ್ನಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿ, "ಬಾಟ್ಲಿ ಕೊಡ್ರಿ," ಅಂದಳು. "ಎಣ್ಣಿ ತರಾಕ ಬೇಕು." ಅವನು ಬಾಟಲಿಯನ್ನು ಮೂರು ಸಲ ತೊಳೆದು ಕೊಟ್ಟ. ಬಾಗಿಲಲ್ಲಿ ನಿಂತು ಅವಳು ಕೇಳಿದಳು, "ಬಳ್ಳಾರಿಗೆ ಬಸ್ಸು ಎಷ್ಟಕ್ಕ ಐತ್ರಿ?"

"ಒಂದೂವರಿಗೆ ಬರ್ತದ."

"ಬಸ್ಸ?"

"ಬಸ್ಸ."

ಅವಳು ಹೋದ ಮೇಲೆ ಸತ್ಯಾತ್ಮ ಕಿಟಕಿಯ ಹತ್ತಿರ ನಿಂತ. ಹಾಗೇ ನಿಂತು ಕಾಲಿನಿಂದ ಕಾಲಿಗೆ ಬೂಟು ಬಿಚ್ಚಿದ. ಹೊರಗೆ ತೊಟ್ಟಿಗಳ ಮೇಲಿನ ಅಟ್ಟದಲ್ಲಿ ಡ್ರಮ್ಮಿನ ಬಾಯಿ ತೆರೆದು ಪಂಪಿನ ಕೊಳವೆ ಇಳಿಬಿಟ್ಟಿದ್ದರು. ಹಾರವನ್ನು ತೆಗೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಗಾಳಿಗೆ ಅದರ ಎಸಳುಗಳು ಒಂದೊಂದಾಗಿ ಕಳಚಿ ಕೆಳಗಿನ ತೊಟ್ಟಿಗೆ ಬೀಳುತ್ತಿದ್ದವು. ನಿನ್ನೆಯಿಂದ ಸತ್ತುಹೋಗಿದ್ದ ತೊಟ್ಟಿಯಲ್ಲಿ ಮೊದಲ ಗುಳ್ಳೆಗಳು ಎದ್ದವು, ಮೀನಿನ ನಾತ ಹರಡಿತು, ನೊರೆ ಬೂದು ಬಣ್ಣಕ್ಕೆ ಉಬ್ಬುತ್ತ ಬಂತು. ಚೆಂಡುಹೂವಿನ ಎಸಳುಗಳನ್ನು ಹೊತ್ತುಕೊಂಡು ಅದು ತೊಟ್ಟಿಯ ಬಾಯಿ ದಾಟಿ, ಕಾಲುವೆಗಿಳಿದು, ಹಿಂದಿನ ಕಟ್ಟೆಯ ಕಡೆ ಹರಿಯತೊಡಗಿತು.